ಕೆಂಪು ಚುಕ್ಕೆ
ನಿನ್ನೆ ರಾತ್ರಿ ನಿದ್ದೆ ಬರದೆ ಉಪಗ್ರಹಗಳು ಕಂಡ ಬೆಂಕಿಯನ್ನು ತೋರಿಸೋ ನಾಸಾದ ಫರ್ಮ್ಸ್ ನಕ್ಷೆ ತೆರೆದು ಕೂತಿದ್ದೆ. ಕಾಡಿನ ಹಸಿರ ಮೇಲೆ ಕೆಂಪು ಚುಕ್ಕೆಗಳು. ಚುಕ್ಕೆ ಇದ್ದಲ್ಲೇ ಬೆಂಕಿ ಅಂದುಕೊಂಡಿದ್ದೆ ಮೊದಮೊದಲು. ಹಾಗಲ್ಲ. ಉಪಗ್ರಹದಲ್ಲಿರೋ ವಿಐಐಆರ್‌ಎಸ್ ಉಪಕರಣದ ಒಂದು ಚುಕ್ಕೆ ಅಂದ್ರೆ ಸುಮಾರು 375 ಮೀಟರ್ ಅಗಲದ ನೆಲ, ಅದರೊಳಗೆ ಎಲ್ಲೋ ಒಂದು ಕಡೆ ಶಾಖ ಇದೆ ಅಂತಷ್ಟೇ. ಹಳೆಯ ಮೋಡಿಸ್ ಉಪಕರಣದ್ದಾದರೆ 1 ಕಿಲೋಮೀಟರ್. ಅದೂ ಉಪಗ್ರಹ ಹಾದುಹೋದ ಹೊತ್ತಿನದು. ನಾವು ನೋಡುವಷ್ಟರಲ್ಲಿ 3 ಗಂಟೆ ಹಳೆಯದಾಗಿರಬಹುದು. ಗಾಳಿ ಅಲ್ಲೀತನಕ ಕಾಯುತ್ತಾ?

ಉಳಿದದ್ದನ್ನು ತುಂಬೋದು ನೆಲದ ಮೇಲಿರೋರು. ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಾನೂ ಆಗಾಗ ಉಪಗ್ರಹದ ಚಿತ್ರ ನೋಡ್ತಾ ಕಾಡುದಾರಿಗಳನ್ನು ಎಳೀತೀನಿ. ನಿನ್ನೆಯದೊಂದು ದಾರಿ ಮರಗಳಡಿ ಮಾಯವಾಗಿ, ಮುಂದೆ ಬೋಳು ಜಾಗದಲ್ಲಿ ಮತ್ತೆ ಕಾಣಿಸಿಕೊಳ್ತಿತ್ತು. ನಡುವಿನದನ್ನು ಅಂದಾಜಲ್ಲಿ ಜೋಡಿಸಿಯೂ ಬಿಟ್ಟೆ. ಆಮೇಲೆ ನೀರಿನ ಟ್ಯಾಂಕರ್ ನೆನಪಾಯ್ತು. ನನ್ನ ಗೆರೆ ನಂಬಿ ಬಂದು, ತಿರುಗಿಸೋಕೂ ಜಾಗವಿಲ್ಲದೆ ಹೊಗೆಯೊಳಗೆ ನಿಂತರೆ? ಅಳಿಸಿದೆ. ಸ್ಥಳದಲ್ಲಿ ನೋಡಿದವರು ಹೇಳಿ ಅಂತ ಟಿಪ್ಪಣಿ ಹಾಕಿ ಮಲಗಿದೆ.

ಬೆಳಿಗ್ಗೆ ಯಾರೋ ಬರೆದಿದ್ದರು: "ದಾರಿ ಇದೆ. ನಡುವೆ ಗೇಟ್, ಬೀಗ ಹಾಕಿರ್ತಾರೆ." ಆಕಾಶದಿಂದ ಬೀಗ ಎಲ್ಲಿ ಕಾಣಬೇಕು! ಕೀಲಿ ಯಾರ ಹತ್ತಿರ ಇರುತ್ತೆ ಅಂತ ಕೇಳಿದ್ದೀನಿ.