64ನೇ ನಂಬರ್ ಜರ್ಸಿಯ ಗಣಿತಜ್ಞ

ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಹಳೆಯ ವಿದ್ಯಾರ್ಥಿಗಳು ಒಂದೆಡೆ ಸೇರಿದರೆ ಜಾನ್ ಅರ್ಷೆಲ್ ಅವರ ಮಾತು ಬಂದೇ ಬರುತ್ತದೆ. ಲಕ್ಷಕ್ಕೂ ಮೀರಿ ಜನ ಕೂರುವ ಬೀವರ್ ಸ್ಟೇಡಿಯಂನಲ್ಲಿ ಅವರು ಅಮೆರಿಕನ್ ಫುಟ್‌ಬಾಲ್ ಆಡಿದರು. ಅದೇ ದಿನಗಳಲ್ಲಿ ಗಣಿತ ವಿಭಾಗದಲ್ಲಿ ತ್ರಿಕೋನಮಿತಿಯನ್ನೂ ವೆಕ್ಟರ್ ಕಲನವನ್ನೂ ಪಾಠ ಮಾಡಿದರು. ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ವರ್ಷಗಟ್ಟಲೆ ಇದ್ದ ಕ್ಯಾಂಪಸ್ ಅದು. ಲೆಕ್ಕದಲ್ಲಿ ದೊಡ್ಡ ಹೆಸರು ಮಾಡಿದವರು ಅಲ್ಲಿಗೆ ಹೊಸಬರಲ್ಲ. 140 ಕಿಲೋ ತೂಗುವ ಲೆಕ್ಕದ ಮೇಷ್ಟ್ರು ಮಾತ್ರ ಹೊಸಬರೇ.

ಹುಟ್ಟಿದ್ದು 1991ರಲ್ಲಿ, ಕೆನಡಾದ ವಿನ್ನಿಪೆಗ್‌ನಲ್ಲಿ. ಬೆಳೆದದ್ದು ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ. ತಂದೆ ಶಸ್ತ್ರವೈದ್ಯರು, ತಾಯಿ ವಕೀಲರು. 2012ರಲ್ಲಿ ಪೆನ್ ಸ್ಟೇಟ್ ತಂಡದ ಮೇಲೆ ಕಠಿಣ ನಿರ್ಬಂಧ ಬಂದು, ಆಟಗಾರರು ಬೇರೆ ಕಡೆ ಹೋಗಬಹುದೆಂದು ಬಾಗಿಲು ತೆರೆದಾಗಲೂ ಅರ್ಷೆಲ್ ಹೋಗಲಿಲ್ಲ. ಗಣಿತದಲ್ಲಿ ಪದವಿ, ಸ್ನಾತಕೋತ್ತರ ಪದವಿ ಎರಡನ್ನೂ ಅಲ್ಲೇ ಮುಗಿಸಿದರು. ಓದು, ಆಟ ಎರಡರಲ್ಲೂ ಮುಂದಿರುವ ಕಾಲೇಜು ಆಟಗಾರನಿಗೆ ಕೊಡುವ ಕ್ಯಾಂಪ್‌ಬೆಲ್ ಟ್ರೋಫಿ 2013ರಲ್ಲಿ ಅವರಿಗೆ ಬಂತು.

ಅವರು ಆಡುತ್ತಿದ್ದ ಗಾರ್ಡ್ ಸ್ಥಾನ ಏನೆಂದು ನಮ್ಮ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಚೆಂಡು ತಮ್ಮ ಕೈಲಿರುವ ತಂಡದ ಮುಂದಿನ ಸಾಲಾದ ಆಫೆನ್ಸಿವ್ ಲೈನ್‌ನಲ್ಲಿ ಐದು ಜನ. ನಡುವೆ ಸೆಂಟರ್, ಅವನ ಎರಡೂ ಮಗ್ಗುಲಲ್ಲಿ ಗಾರ್ಡ್‌ಗಳು, ಅವರಾಚೆ ಟ್ಯಾಕಲ್‌ಗಳು. ಗಾರ್ಡ್ ಕೈಗೆ ಚೆಂಡು ಬರುವುದು ಇಲ್ಲವೆನ್ನುವಷ್ಟು ಅಪರೂಪ. ಟಿವಿಯಲ್ಲಿ ಅವನ ಹೆಸರು ಕೇಳಿಬಂತೆಂದರೆ ಏನೋ ಎಡವಟ್ಟಾಗಿದೆ ಎಂದೇ ಲೆಕ್ಕ. ಹಿಂದೆ ನಿಂತ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವವರೆಗೆ, ಅಂದರೆ ಎರಡೂವರೆ ಮೂರು ಸೆಕೆಂಡು, ಎದುರಿನವನನ್ನು ತಡೆದು ನಿಲ್ಲಿಸುವುದೇ ಅವನ ಕೆಲಸ.

ಆ ಮೂರು ಸೆಕೆಂಡಿನಲ್ಲಿ ಕೆಡುವುದಕ್ಕೆ ಬೇಕಾದಷ್ಟು ದಾರಿಗಳಿವೆ. ಮಂಡಿ ಮಡಿಸಿ ಒಂದು ಕೈ ನೆಲಕ್ಕೂರಿ ಕೂರುವಾಗ ಆ ಕೈ ಮೇಲೆ ಭಾರ ಜಾಸ್ತಿ ಬಿಟ್ಟರೆ, ಬೆರಳ ಗೆಣ್ಣು ಬೆಳ್ಳಗಾದದ್ದನ್ನು ನೋಡಿಯೇ ಎದುರಾಳಿ ‘ಇವನು ಮುಂದಕ್ಕೆ ನುಗ್ಗುತ್ತಾನೆ, ಇದು ರನ್, ಚೆಂಡು ಹಿಡಿದು ಓಡುವ ಆಟ’ ಎಂದು ತಿಳಿದುಬಿಡುತ್ತಾನೆ. ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡುವ ಸ್ನ್ಯಾಪ್ ಆದ ಕೂಡಲೇ ಹಿಂದಕ್ಕೆ ಸಣ್ಣ ಸಣ್ಣ ಹೆಜ್ಜೆ. ಕಾಲಿಗೆ ಕಾಲು ಅಡ್ಡ ಬರಕೂಡದು. ಎರಡೂ ಅಂಗೈ ಎದುರಾಳಿಯ ಎದೆಯ ಮೇಲೆ, ಹೆಬ್ಬೆರಳು ಮೇಲಕ್ಕೆ, ಮೊಣಕೈ ಪಕ್ಕೆಗೆ ಹತ್ತಿರ. ಕೈ ಹೊರಗೆ ಜಾರಿ ಭುಜದ ಬಟ್ಟೆ ಹಿಡಿದು ಜಗ್ಗಿದರೆ ಹೋಲ್ಡಿಂಗ್, ತಂಡಕ್ಕೆ 10 ಯಾರ್ಡ್ ದಂಡ. ಸೊಂಟ ಮೇಲೆದ್ದಿತೋ, ಎದುರಿನವನು ಕೆಳಗಿನಿಂದ ಎತ್ತಿ ಕ್ವಾರ್ಟರ್‌ಬ್ಯಾಕ್ ಮೈಮೇಲೇ ತಳ್ಳಿಕೊಂಡು ಹೋಗುತ್ತಾನೆ. ಅದಕ್ಕೆ ಹೆದರಿ ಮುಂದಕ್ಕೆ ಬಾಗಿದರೆ ಕೈ ಒದರಿ ಪಕ್ಕದಿಂದ ನುಸುಳುತ್ತಾನೆ. ಎಲ್ಲಕ್ಕಿಂತ ಕಷ್ಟದ್ದು ಸ್ಟಂಟ್. ಎದುರಾಳಿ ಸಾಲಿನ ಇಬ್ಬರು ಓಡುತ್ತಲೇ ದಾರಿ ಅದಲುಬದಲು ಮಾಡಿಕೊಳ್ಳುತ್ತಾರೆ. ಗಾರ್ಡ್ ತನ್ನವನನ್ನು ಪಕ್ಕದ ಟ್ಯಾಕಲ್‌ಗೆ ಒಪ್ಪಿಸಿ, ಸುತ್ತಿ ಬರುವವನನ್ನು ತಾನು ಹಿಡಿಯಬೇಕು. ಇಬ್ಬರೂ ಒಬ್ಬನ ಹಿಂದೆಯೇ ಹೋದರೆ ನಡುವೆ ಹೆಬ್ಬಾಗಿಲು ತೆರೆದಂತೆ.

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗಾದ ಎನ್‌ಎಫ್‌ಎಲ್‌ನ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2014ರ ಡ್ರಾಫ್ಟ್‌ನ ಐದನೇ ಸುತ್ತಿನಲ್ಲಿ, ಒಟ್ಟು ಸರದಿಯಲ್ಲಿ 175ನೆಯವರಾಗಿ, ಬಾಲ್ಟಿಮೋರ್ ರೇವನ್ಸ್ ತಂಡ ಅವರನ್ನು ಆರಿಸಿಕೊಂಡಿತು. ಅಲ್ಲೂ 64ನೇ ನಂಬರೇ. ಆಗ ತಂಡದಲ್ಲಿ 53 ಜನರಿದ್ದರೆ ಪಂದ್ಯದ ದಿನ ಕಣಕ್ಕಿಳಿಯಬಹುದಾದವರು 46 ಮಾತ್ರ. ಹಾಗಾಗಿ ಬದಲಿ ಆಟಗಾರ ಒಂದೇ ಸ್ಥಾನ ಕಲಿತರೆ ಸಾಲದು. ಎಡ ಗಾರ್ಡ್, ಬಲ ಗಾರ್ಡ್, ಸೆಂಟರ್ ಮೂರಕ್ಕೂ ತಯಾರಿರಬೇಕು. ಅರ್ಷೆಲ್ ಆ ಜಾತಿಯ ಆಟಗಾರ. ಮೂರು ಋತುಗಳಲ್ಲಿ 40 ಪಂದ್ಯ. ಆರಂಭದಿಂದಲೇ ಆಡಿದ್ದು 13ರಲ್ಲಿ. ಹೊಗಳಿ ಅಟ್ಟಕ್ಕೇರಿಸುವ ಅಂಕಿಗಳೇನಲ್ಲ, ಆದರೆ ಐದನೇ ಸುತ್ತಿನಲ್ಲಿ ಬಂದವನಿಗೆ ಕಡಿಮೆಯೂ ಅಲ್ಲ. ಲಕ್ಷಗಟ್ಟಲೆ ಡಾಲರ್ ಸಂಬಳವಿದ್ದರೂ ವರ್ಷಕ್ಕೆ 25,000 ಡಾಲರಿನೊಳಗೆ ಬದುಕುತ್ತಿದ್ದರು. ಓಡಿಸುತ್ತಿದ್ದದ್ದು ಸೆಕೆಂಡ್ ಹ್ಯಾಂಡ್ ನಿಸಾನ್ ವರ್ಸಾ.

2015ರ ಆಗಸ್ಟ್‌ನಲ್ಲಿ, ಅಭ್ಯಾಸ ಶಿಬಿರದಲ್ಲಿ, ಹೆಲ್ಮೆಟ್‌ಗೆ ಹೆಲ್ಮೆಟ್ ಬಡಿದು ಪ್ರಜ್ಞೆ ತಪ್ಪಿತು. ಹೆಲ್ಮೆಟ್ ತಲೆಬುರುಡೆ ಒಡೆಯದಂತೆ ಕಾಯುತ್ತದೆ. ಬುರುಡೆಯೊಳಗೆ ಮಿದುಳು ಅಲುಗುವುದನ್ನು ತಡೆಯಲಾರದು. ಸುಮಾರು ಮೂರು ವಾರದಲ್ಲಿ ಆಟಕ್ಕೆ ಸಿದ್ಧರಾದರೂ, ಗಣಿತಕ್ಕೆ ಬೇಕಾದ ಕಲ್ಪನಾಶಕ್ತಿ ಮರಳಲು ಇನ್ನೂ ಸಮಯ ಹಿಡಿಯಿತೆಂದು ಅವರೇ ಹೇಳಿದ್ದಾರೆ. ಆದರೆ ಲೈನ್‌ಮನ್‌ಗೆ ಇಂಥ ಒಂದು ದೊಡ್ಡ ಪೆಟ್ಟಿನಷ್ಟೇ, ಪ್ರತಿ ಸ್ನ್ಯಾಪ್‌ಗೂ ಬೀಳುವ ಸಣ್ಣ ಪೆಟ್ಟುಗಳೂ ಚಿಂತೆಯ ವಿಷಯ. ಅವು ಯಾರ ಕಣ್ಣಿಗೂ ಬೀಳುವುದಿಲ್ಲ, ಯಾರೂ ಬರೆದಿಡುವುದೂ ಇಲ್ಲ.

2017ರ ಜುಲೈ 25ರಂದು ಬಾಸ್ಟನ್ ವಿಶ್ವವಿದ್ಯಾಲಯದವರ ಅಧ್ಯಯನ ಹೊರಬಂತು: ಪರೀಕ್ಷಿಸಿದ 111 ಎನ್‌ಎಫ್‌ಎಲ್ ಆಟಗಾರರ ಮಿದುಳುಗಳಲ್ಲಿ 110ರಲ್ಲಿ ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟಿನಿಂದ ಬರುವ ಸಿಟಿಇ ಎಂಬ ಮಿದುಳು ಕಾಯಿಲೆಯ ಗುರುತು. ಎರಡೇ ದಿನದಲ್ಲಿ, 26ನೇ ವಯಸ್ಸಿಗೆ, ಅರ್ಷೆಲ್ ನಿವೃತ್ತರಾದರು. ಪತ್ರಿಕೆಗಳು ಎರಡನ್ನೂ ಗಂಟು ಹಾಕಿದವು. ನನಗೆ ಅದು ಅರ್ಧ ಸತ್ಯ ಅನಿಸುತ್ತದೆ. ಆ ಮಿದುಳುಗಳು ದಾನವಾಗಿ ಬಂದವು. ಕಾಯಿಲೆಯ ಲಕ್ಷಣ ಕಂಡ ಮನೆಯವರೇ ದಾನಕ್ಕೆ ಮುಂದಾಗುವುದು ಹೆಚ್ಚು. ಆದ್ದರಿಂದ ಎಲ್ಲ ಆಟಗಾರರಲ್ಲಿ ನೂರಕ್ಕೆ 99 ಮಂದಿಗೆ ಈ ಕಾಯಿಲೆ ಎಂದು ಅರ್ಥವಲ್ಲ. ಇದು ಗಣಿತಜ್ಞನಿಗೆ ಗೊತ್ತಿಲ್ಲದ ಸಂಗತಿಯೇ? 2016ರಲ್ಲೇ ಅವರು ಎಂಐಟಿಯಲ್ಲಿ ಪಿಎಚ್‌.ಡಿ. ಶುರು ಮಾಡಿದ್ದರು, ಮನೆಯಲ್ಲಿ ಮಗುವಿನ ನಿರೀಕ್ಷೆ ಇತ್ತು. ಮೂರು ಋತು ಪೂರೈಸಿದ್ದರಿಂದ ಲೀಗಿನ ಪಿಂಚಣಿಯ ಹಕ್ಕೂ ಕೈಗೆ ಬಂದಿತ್ತು.

ಗಣಿತ ಅವರಿಗೆ ನಿವೃತ್ತಿಯ ನಂತರ ಹಿಡಿದ ಹವ್ಯಾಸವಲ್ಲ. ಪೆನ್ ಸ್ಟೇಟ್‌ನ ಲುಡ್ಮಿಲ್ ಝಿಕಟಾನೊವ್ ಜೊತೆ ಸಾಧಿಸಿದ ಪ್ರಮೇಯ ಆಟದ ದಿನಗಳದ್ದೇ. ಬಿಂದುಗಳೂ ಅವುಗಳ ನಡುವೆ ಗೆರೆಗಳೂ ಇರುವ ಒಂದು ಜಾಲವನ್ನು ಎರಡು ಭಾಗ ಮಾಡಬೇಕೆನ್ನಿ. ಪ್ರತಿ ಬಿಂದುವಿಗೆ ಎಷ್ಟು ಗೆರೆ ಸೇರಿವೆ ಎಂಬುದನ್ನು ಮ್ಯಾಟ್ರಿಕ್ಸಿನ ಕರ್ಣದಲ್ಲಿ ಬರೆಯಿರಿ, ಗೆರೆ ಇರುವ ಕಡೆ –1 ಹಾಕಿ, ಉಳಿದಲ್ಲಿ ಸೊನ್ನೆ. ಜಾಲ ಒಂದೇ ತುಂಡಾಗಿದ್ದರೆ ಇದರ ಅತಿ ಚಿಕ್ಕ ಐಗನ್ ಮೌಲ್ಯ (ಮ್ಯಾಟ್ರಿಕ್ಸಿನ ಗುಣ ಹೇಳುವ ವಿಶಿಷ್ಟ ಸಂಖ್ಯೆ) ಸೊನ್ನೆ. ಅದರ ನಂತರದ ಮೌಲ್ಯಕ್ಕೆ ಸಿಗುವುದು ಫೀಡ್ಲರ್ ವೆಕ್ಟರ್, ಅಂದರೆ ಪ್ರತಿ ಬಿಂದುವಿಗೂ ಒಂದೊಂದು ಅಂಕಿ ಕೊಡುವ ಪಟ್ಟಿ. ಅದರಲ್ಲಿ ಧನ ಬಂದ ಬಿಂದುಗಳು ಒಂದು ಕಡೆ, ಋಣ ಬಂದವು ಇನ್ನೊಂದು ಕಡೆ. ತೊಡಕಾಗುವುದು ಸೊನ್ನೆ ಬಂದ ಬಿಂದುಗಳಿಂದ. ಎಲ್ಲೋ ಸೇರಿಸಿದರೆ ಒಂದು ಭಾಗವೇ ಮತ್ತೆ ತುಂಡಾಗಬಹುದು. ಸೊನ್ನೆಗಳನ್ನು ಸರಿಯಾಗಿ ಹಂಚಿದಾಗ ಎರಡೂ ಭಾಗ ಇಡಿಯಾಗಿ ಉಳಿಯುವಂಥ ಒಂದು ಫೀಡ್ಲರ್ ವೆಕ್ಟರ್ ಯಾವಾಗಲೂ ಇದ್ದೇ ಇರುತ್ತದೆ ಎಂಬುದು ಅವರ ಪ್ರಮೇಯ.

2021ರಲ್ಲಿ ಡಾಕ್ಟರೇಟ್, 2023ರಲ್ಲಿ ಎಂಐಟಿಯಲ್ಲೇ ಸಹಾಯಕ ಪ್ರಾಧ್ಯಾಪಕ ಹುದ್ದೆ. ಈಚಿನ ಒಂದು ಕೆಲಸ ನಮ್ಮ ಬಿ.ಎಸ್ಸಿ. ಹುಡುಗ ಹುಡುಗಿಯರಿಗೂ ಹತ್ತಿರದ್ದು. ಸಮೀಕರಣಗಳನ್ನು ಬಿಡಿಸುವ ಗೌಸ್ ವಿಧಾನದಲ್ಲಿ ಚರಾಕ್ಷರಗಳನ್ನು ಒಂದೊಂದಾಗಿ ತೆಗೆದುಹಾಕುತ್ತಾ ಹೋಗುವಾಗ, ಪ್ರತಿ ಹಂತದಲ್ಲೂ ಉಳಿದವುಗಳಲ್ಲಿ ಅತಿ ದೊಡ್ಡ ಅಂಕಿಯನ್ನೇ ಪಿವೊಟ್ (ಭಾಗಿಸಲು ಆಧಾರವಾಗುವ ಅಂಕಿ) ಮಾಡಿಕೊಂಡರೂ ನಡುವಿನ ಅಂಕಿಗಳು ಎಷ್ಟು ಪಟ್ಟು ಉಬ್ಬಬಹುದು? n×n ಮ್ಯಾಟ್ರಿಕ್ಸಿಗೆ n ಪಟ್ಟು ಮೀರದು ಎಂಬ ಹಳೆಯ ಊಹೆಯೊಂದಿತ್ತು. n ಬೆಲೆ 11 ಮತ್ತು ಅದಕ್ಕಿಂತ ಹೆಚ್ಚಿದ್ದಾಗಲೆಲ್ಲ ಆ ಮಿತಿ ದಾಟಬಹುದೆಂದು ಅಲನ್ ಎಡೆಲ್‌ಮನ್ ಮತ್ತು ಅರ್ಷೆಲ್ ತೋರಿಸಿದ್ದಾರೆ.