ಪಾರ್ಸೆಲ್ ತಲುಪಿದೆ, ಬಾಕ್ಸ್ ತಲುಪಿಲ್ಲ

ಬ್ರಾಡ್‌ಬ್ಯಾಂಡ್ ಕಂಪನಿ ಬದಲಾಯಿಸಿದ ಮೇಲೆ ಹಳೆಯ ಕಂಪನಿಯಿಂದ ಕೊನೆಯ ಬಿಲ್ ಬಂತು. ಕೊಡಬೇಕಾದ್ದು ಏನೂ ಉಳಿದಿರಲಿಲ್ಲ. ಆದರೂ ಬಿಲ್ಲಿನಲ್ಲಿ 60 ಪೌಂಡ್ ಹಾಕಿದ್ದರು. ಕಾರಣ: ಟಿವಿ ಬಾಕ್ಸ್ ವಾಪಸ್ ಬಂದಿಲ್ಲ.

ಇಲ್ಲಿ ಇಂಗ್ಲೆಂಡಿನಲ್ಲಿ ರೌಟರ್, ಟಿವಿ ಬಾಕ್ಸ್ ಎಲ್ಲ ಸಾಮಾನ್ಯವಾಗಿ ಕಂಪನಿಯದೇ. ಸಂಪರ್ಕ ಬಿಟ್ಟಾಗ ಅವರೇ ಒಂದು ಪ್ಲಾಸ್ಟಿಕ್ ಚೀಲ ಕಳಿಸುತ್ತಾರೆ, ಅಂಚೆ ಖರ್ಚೂ ಅವರದೇ. ಎರಡನ್ನೂ ಅದೇ ಚೀಲಕ್ಕೆ ಹಾಕಿ, ರೆಡಿಂಗ್‌ನಲ್ಲಿ ನಮ್ಮ ರಸ್ತೆಯ ಮೂಲೆಯ ಅಂಗಡಿಯೊಳಗಿರುವ ಪೋಸ್ಟ್ ಆಫೀಸಿಗೆ ಕೊಟ್ಟು, ರಸೀದಿ ತಗೊಂಡು ಬಂದಿದ್ದೆ. ಟ್ರ್ಯಾಕಿಂಗ್ ನೋಡಿದರೆ ಚೀಲ ಮೇಲ್ ಸೆಂಟರ್‌ಗೆ ಹೋಗಿ ಅಲ್ಲೇ ನಿಂತಂತೆ ಕಾಣುತ್ತಿತ್ತು. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ‘ತಲುಪಿದೆ’ ಅಂತ ಬಂತು.

ಫೋನ್ ಮಾಡಿ ಟ್ರ್ಯಾಕಿಂಗ್ ನಂಬರ್ ಓದಿ ಹೇಳಿದೆ. ಅದು ಅವರಿಗೆ ಬೇಡ. ಅವರ ಲೆಕ್ಕ ನಡೆಯುವುದು ಬಾಕ್ಸಿನ ತಳದಲ್ಲಿ ಅಂಟಿಸಿದ ಸೀರಿಯಲ್ ನಂಬರಿನ ಮೇಲೆ. ಗೋದಾಮಿನಲ್ಲಿ ಚೀಲ ಬಿಚ್ಚಿದವರು ರೌಟರ್ ಸ್ಕ್ಯಾನ್ ಮಾಡಿದ್ದಾರೆ, ಟಿವಿ ಬಾಕ್ಸ್ ಸ್ಕ್ಯಾನ್ ಆಗಿಲ್ಲ. ಚೀಲ ತಲುಪಿದ್ದು ಅಂಚೆಯವರಿಗೆ ಗೊತ್ತು, ಒಳಗೆ ಏನಿತ್ತು ಅಂತ ಗೊತ್ತಿಲ್ಲ. ಕಂಪನಿಗೆ ಸ್ಕ್ಯಾನ್ ಆದದ್ದು ಮಾತ್ರ ಗೊತ್ತು. ನಡುವೆ ನಡೆದದ್ದು ಯಾರ ಲೆಕ್ಕದಲ್ಲೂ ಇಲ್ಲ. ಫೋನಿನಲ್ಲಿದ್ದ ಹುಡುಗಿ ಪಾಪ, ಮರ್ಯಾದೆಯಿಂದಲೇ ಮಾತಾಡಿದಳು. ಆದರೆ ನಾನು ಏನು ಹೇಳಿದರೂ ಉತ್ತರ ಒಂದೇ. ಸಿಸ್ಟಮ್‌ನಲ್ಲಿ ಇಲ್ಲ.

‘ಕಟ್ಟಿಬಿಡು, ಅಷ್ಟಕ್ಕೆ ಯಾಕೆ ತಲೆ ಕೆಡಿಸ್ಕೊಳ್ತೀಯ’ ಅಂದರು ಮನೆಯವರು. ದುಡ್ಡು ದೊಡ್ಡದಲ್ಲ, ನಿಜ. ನನಗೆ ನೋವಾದದ್ದು ಬೇರೆ. ಕಳಿಸಿದ್ದೇನೆ ಅಂತ ನಾನು ಹೇಳುವ ಮಾತಿಗೆ ಬೆಲೆಯೇ ಇಲ್ಲ ಅನ್ನುವುದು.

ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಇದ್ದಾರೆ. ಬೇಲಿಯ ಹತ್ತಿರ ಸಿಕ್ಕಾಗ ಇದನ್ನು ಹೇಳಿಕೊಂಡೆ. ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ಅವರು ಹೇಳಿದರು, ‘ಕಂಪ್ಯೂಟರ್ ಹೇಳ್ತು ಅಂತ ಈ ದೇಶದಲ್ಲಿ ಜನರನ್ನ ಜೈಲಿಗೆ ಹಾಕಿದ್ದಾರೆ. ನೀನು ಒಂದು ಪೆನ್ನಿಯನ್ನೂ ಕೊಡಬೇಡ.’

ಅವರು ಹೇಳಿದ್ದು ಇಲ್ಲಿನ ಪೋಸ್ಟ್ ಆಫೀಸಿನ ಹೊರೈಜನ್ ಕಥೆ. ನಮ್ಮ ರಸ್ತೆಯಲ್ಲಿರುವಂಥ ಸಣ್ಣ ಪೋಸ್ಟ್ ಆಫೀಸುಗಳನ್ನು ಅಂಗಡಿಯವರೇ ನಡೆಸುತ್ತಾರೆ. 1999ರಿಂದ ಅವರ ಲೆಕ್ಕಕ್ಕೆ ಹೊರೈಜನ್ ಅನ್ನುವ ಹೊಸ ಸಾಫ್ಟ್‌ವೇರ್ ಬಂತು. ಹಣ ಸರಿಯಾಗಿದ್ದರೂ ಕೊರತೆ ಇದೆ ಅಂತ ಅದು ತೋರಿಸಿತು. ತಪ್ಪಿರುವುದು ಸಾಫ್ಟ್‌ವೇರಿನಲ್ಲಿ ಅಂತ ಅಂಗಡಿಯವರು ಅಂಗಲಾಚಿದರು, ಯಾರೂ ನಂಬಲಿಲ್ಲ. 2015ರವರೆಗೆ 900ಕ್ಕೂ ಜಾಸ್ತಿ ಜನರಿಗೆ ಕಳ್ಳತನ, ಸುಳ್ಳು ಲೆಕ್ಕ ಅಂತ ಶಿಕ್ಷೆಯಾಯಿತು. ಮನೆ ಮಾರಿದವರಿದ್ದಾರೆ, ಪ್ರಾಣ ಕಳೆದುಕೊಂಡವರಿದ್ದಾರೆ. ನಮ್ಮ ಕಡೆಯವರೂ, ಅಂದರೆ ಭಾರತ ಮೂಲದವರೂ, ಬಹಳ ಮಂದಿ. ಸೀಮಾ ಮಿಶ್ರಾ ಅವರನ್ನು 2010ರಲ್ಲಿ ಜೈಲಿಗೆ ಕಳಿಸಿದಾಗ ಆಕೆ ಬಸುರಿ. ಅಂದು ಅವರ ದೊಡ್ಡ ಮಗನ ಹುಟ್ಟುಹಬ್ಬ. ಆಕೆಯ ಮೇಲಿನ ಕಳಂಕ ಹೋಗಿದ್ದು 2021ರಲ್ಲಿ. ಉಳಿದ ನೂರಾರು ಜನರ ಶಿಕ್ಷೆ ರದ್ದು ಮಾಡಲು 2024ರಲ್ಲಿ ಪಾರ್ಲಿಮೆಂಟ್ ಒಂದು ಕಾನೂನನ್ನೇ ತರಬೇಕಾಯಿತು.

ಇನ್ನೊಂದು ಸಂಗತಿ ನನಗೆ ಇದನ್ನು ಓದುವಾಗಲೇ ಗೊತ್ತಾದದ್ದು. ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡಿದೆ ಅಂತಲೇ ಮೊದಲು ಹಿಡಿಯುತ್ತಿದ್ದರು. ಅದು ತಪ್ಪು ಅಂತ ತೋರಿಸಬೇಕಾದವನು ಆರೋಪಿ. ಒಂದು ಸಣ್ಣ ಅಂಗಡಿಯಾತ ಅಷ್ಟು ದೊಡ್ಡ ಸಾಫ್ಟ್‌ವೇರಿನ ತಪ್ಪನ್ನು ಎಲ್ಲಿಂದ ಹುಡುಕಿ ತರಬೇಕು? ಅವರ ದುಃಖದ ಪಕ್ಕದಲ್ಲಿ ನನ್ನ ಟಿವಿ ಬಾಕ್ಸ್ ಇಡಲು ನನಗೆ ಸಂಕೋಚ. ಆದರೂ ಅಜ್ಜಿಯ ಮಾತು ನನ್ನನ್ನು ಬಿಡಲಿಲ್ಲ.

ಆ ರಾತ್ರಿ ಅಪ್ಪನ ತಂತಿ ನೆನಪಾಯಿತು. ಅರಸೀಕೆರೆಯ ಮನೆಯಲ್ಲಿ ಅಡುಗೆಮನೆ ಬಾಗಿಲ ಹಿಂದೆ ಒಂದು ಕೊಕ್ಕೆ ತಂತಿ ನೇತಾಡುತ್ತಿತ್ತು. ಕರೆಂಟ್ ಬಿಲ್, ಕಂದಾಯದ ರಸೀದಿ, ಸೊಸೈಟಿ ಚೀಟಿ ಎಲ್ಲವನ್ನೂ ಅಪ್ಪ ಅದಕ್ಕೆ ಚುಚ್ಚಿಡುತ್ತಿದ್ದರು. ಲ್ಯಾಂಡ್‌ಲೈನ್ ವಾಪಸ್ ಕೊಟ್ಟ ವರ್ಷ ಡಿಪಾಜಿಟ್ ದುಡ್ಡು ಬರಲಿಲ್ಲ. ಫೋನ್ ಸೆಟ್ ಬಂದಿಲ್ಲ ಅಂದರು ಕಚೇರಿಯವರು. ಅಪ್ಪ ತಂತಿಯಿಂದ ರಸೀದಿ ಬಿಡಿಸಿಕೊಂಡು ಹೋದರು. ಗುಮಾಸ್ತರು ಊಟಕ್ಕೆ ಹೋಗಿದ್ದರು. ಇನ್ನೊಂದು ದಿನ ಹೋದರೆ ರಜೆ. ನಮ್ಮ ಜನರನ್ನು ಹೀಗೆ ಅಲೆದಾಡಿಸುವುದು ನನಗೆ ಆಗಲೂ ಸಿಟ್ಟು ತರಿಸುತ್ತಿತ್ತು, ಈಗಲೂ ತರಿಸುತ್ತದೆ. ವಯಸ್ಸಾದವರು ತಮ್ಮದೇ ದುಡ್ಡಿಗೆ ಕೈಕಟ್ಟಿ ನಿಲ್ಲುವುದು ಯಾಕೆ?

ಆದರೆ ಕೊನೆಗೆ ಆ ಗುಮಾಸ್ತರು ಸಿಕ್ಕರು. ರಸೀದಿ ಕೈಗೆ ತಗೊಂಡರು, ಲೆಡ್ಜರ್ ತೆಗೆದರು, ಸಹಿ ಗುರುತಿಸಿದರು. ‘ಇದು ನಮ್ಮ ಹುಡುಗನದೇ ಸಹಿ ಮೇಷ್ಟ್ರೇ, ಅವನು ಬರೆಯೋದು ಬಿಟ್ಟಿದ್ದಾನೆ’ ಅಂದರು. ತಪ್ಪು ನಮ್ಮಲ್ಲಿದೆ ಅಂತ ಹೇಳಲು ಎದುರಿಗೆ ಒಬ್ಬ ಮನುಷ್ಯ ಇದ್ದ. ಇಲ್ಲಿ ನಾನು ಹುಡುಕುತ್ತಿದ್ದುದು ಅಂಥ ಒಬ್ಬರನ್ನು.

ಬಾಯಿಮಾತು ಬಿಟ್ಟು ಲಿಖಿತ ದೂರು ಕೊಟ್ಟೆ. ಪೋಸ್ಟ್ ಆಫೀಸಿನ ರಸೀದಿ, ಟ್ರ್ಯಾಕಿಂಗ್ ಪುಟ, ಪ್ಯಾಕ್ ಮಾಡುವಾಗ ತೆಗೆದ ಫೋಟೋ ಎಲ್ಲ ಸೇರಿಸಿದೆ. ಕಂಪನಿಯ ಜೊತೆ ಬಗೆಹರಿಯದಿದ್ದರೆ ಗ್ರಾಹಕರ ದೂರು ವಿಚಾರಿಸುವ ಆಂಬುಡ್ಸ್‌ಮನ್ ಅಥವಾ ಅಂಥದೇ ಸ್ವತಂತ್ರ ಸಂಸ್ಥೆಗೆ ಹೋಗುವ ದಾರಿ ಇದೆ, ಗ್ರಾಹಕರಿಗೆ ಖರ್ಚಿಲ್ಲ. ಅಲ್ಲಿಗೆ ಹೋಗುತ್ತೇನೆ ಅಂತಲೂ ಬರೆದೆ. ಇಂಥ ವ್ಯವಸ್ಥೆ ಇರುವುದಕ್ಕೆ ಈ ದೇಶವನ್ನು ಮೆಚ್ಚಲೇಬೇಕು.

ಉತ್ತರ ಬಂತು. 60 ಪೌಂಡ್ ಬಿಟ್ಟಿದ್ದಾರೆ. ಹಳೆಯ ಗ್ರಾಹಕರ ಮೇಲಿನ ಗೌರವಕ್ಕಂತೆ. ಬಾಕ್ಸ್ ತಲುಪಿತ್ತು ಅಂತ ಎಲ್ಲೂ ಒಪ್ಪಿಲ್ಲ. ಬೇಲಿಯ ಆಚೆಯಿಂದ ಅಜ್ಜಿ ಪತ್ರವನ್ನು ಎರಡು ಸಲ ಓದಿ, ‘ಕ್ಷಮೆ ಎಲ್ಲಿದೆ?’ ಅಂತ ಕೇಳಿದರು. ನನಗೂ ಅದೇ ಬೇಕಿತ್ತು. ನನ್ನ ಹೆಸರಿನ ಮುಂದಿರುವ ದಾಖಲೆ ಸರಿಪಡಿಸಿ ಅಂತ ಮತ್ತೆ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಈ ಸೆಪ್ಟೆಂಬರಿಗೆ ಇಲ್ಲಿಗೆ ಓದಲು ಬರುವ ಮಕ್ಕಳಿಗೆ ಒಂದು ಮಾತು. ಬಾಡಿಗೆ ಮನೆ ಬಿಡುವಾಗ ಇಂಥ ಚೀಲ ನಿಮ್ಮ ಕೈಗೂ ಬರುತ್ತದೆ. ಮುಚ್ಚುವ ಮೊದಲು ಒಂದೊಂದು ಬಾಕ್ಸಿನ ತಳದ ಸೀರಿಯಲ್ ನಂಬರನ್ನೂ ಫೋಟೋ ತೆಗೆಯಿರಿ. ಅಂಚೆ ಡಬ್ಬಕ್ಕೆ ಹಾಕದೆ ಕೌಂಟರಿಗೆ ಕೊಟ್ಟು, ಪ್ರೂಫ್ ಆಫ್ ಪೋಸ್ಟೇಜ್, ಅಂದರೆ ಅಂಚೆಗೆ ಕೊಟ್ಟದ್ದಕ್ಕೆ ರಸೀದಿ, ಕೇಳಿ. ಅದಕ್ಕೆ ದುಡ್ಡಿಲ್ಲ.