ವಸ್ತಿ ವಿಮಾನ

1982ರ ಅಕ್ಟೋಬರ್ ಸೂಟಿ ಮುಗಿಸಿ ಶಾಲೆಗೆ ಬಂದ ದಿನ, ಭೂಗೋಳ ಕಲಿಸುತ್ತಿದ್ದ ನಮ್ಮ ಗುರುಗಳು ಪುಸ್ತಕ ತೆರೆಯದೆ, ಕಿಸೆಯಿಂದ ನಾಲ್ಕು ಮಡಿಕೆಯ ಪತ್ರಿಕೆಯ ತುಣುಕೊಂದನ್ನು ತೆಗೆದರು. ಎಪ್ಪತ್ತೆಂಟರ ವಯಸ್ಸಿನ ಜೆ.ಆರ್.ಡಿ. ಟಾಟಾ ಅವರು ಹಳೆಯ ಲೆಪರ್ಡ್ ಮಾತ್ ವಿಮಾನವನ್ನು ಕರಾಚಿಯಿಂದ ಮುಂಬೈಗೆ ಒಬ್ಬರೇ ನಡೆಸಿಕೊಂಡು ಬಂದು, ತಮ್ಮ ಮೊದಲ ಟಪಾಲು ಹಾರಾಟದ ಐವತ್ತನೆಯ ವರ್ಷವನ್ನು ಆಚರಿಸಿದ ಸುದ್ದಿ ಅದರಲ್ಲಿತ್ತು. ಓದಿ ಮುಗಿಸಿದ ಗುರುಗಳು, "ಇದು ಅರ್ಧಾ ಕಥಿ ಆತು. ಉಳಿದರ್ಧಾ ನಮ್ಮ ಕಡೀ ನಡದೈತಿ" ಎಂದರು.

ಆ ಉಳಿದರ್ಧದ ನಾಯಕ ನೆವಿಲ್ ವಿನ್ಸೆಂಟ್. ಬ್ರಿಟನ್ನಿನ ವಾಯುಪಡೆಯನ್ನು ಬಿಟ್ಟು ಭಾರತಕ್ಕೆ ಬಂದು, ಊರೂರು ತಿರುಗಿ ಜನರನ್ನು ವಿಮಾನದಲ್ಲಿ ಕೂಡಿಸಿ ಹಾರಿಸುತ್ತಿದ್ದವರು ಅವರು. ಟಪಾಲು ವಿಮಾನದ ಯೋಜನೆ ಹಿಡಿದು ಟಾಟಾ ಅವರ ಬಾಗಿಲಿಗೆ ಹೋದವರೂ ಅವರೇ. 1932ರ ಅಕ್ಟೋಬರ್ 15ರಂದು ಟಾಟಾ ಅವರು, ನಡುವೆ ಅಹಮದಾಬಾದಿನಲ್ಲಿ ಎತ್ತಿನ ಗಾಡಿಯ ಮೇಲೆ ಬಂದ ಡಬ್ಬಿಗಳಿಂದ ಪೆಟ್ರೋಲು ತುಂಬಿಸಿಕೊಂಡು, ಜುಹುವಿಗೆ ತಂದಿಳಿಸಿದ ಟಪಾಲಿನಲ್ಲಿ ಮದ್ರಾಸಿನ ಚೀಲಗಳನ್ನು ಅಲ್ಲಿಂದ ಮುಂದೆ ಒಯ್ದವರು ವಿನ್ಸೆಂಟ್. ಒಂದೇ ಎಂಜಿನ್ನಿನ ಪುಸ್ ಮಾತ್. ವೈರ್‌ಲೆಸ್ ಇಲ್ಲ, ಕೆಳಗಿನಿಂದ ದಾರಿ ಹೇಳುವವರಿಲ್ಲ. ಕತ್ತಲಲ್ಲಿ ಹಾರುವ ಅನುಕೂಲವಿಲ್ಲದ ಕಾಲವಾದ್ದರಿಂದ ಆ ರಾತ್ರಿ ಬಳ್ಳಾರಿಯಲ್ಲಿ ತಂಗಿ, ಮರುದಿನ ಮದ್ರಾಸು ಮುಟ್ಟಿದರು. "ಅಂದ್ರ ವಸ್ತಿ ಬಸ್ಸಿನಂಗ ವಸ್ತಿ ವಿಮಾನ ಏನ್ರಿ, ಸರ್?" ಎಂದು ಹಿಂದಿನ ಬೆಂಚಿನವನೊಬ್ಬ ಕೇಳಿದಾಗ ಗುರುಗಳೂ ನಕ್ಕರು.

ಗೋಡೆಯ ನಕಾಶೆಗೆ ಗೆರೆ ಎಳೆದರೆ ಹೆಡ್‌ಮಾಸ್ತರರಿಂದ ಬೈಗುಳ ಖಚಿತವಿತ್ತು. ನೇಕಾರರ ಮನೆಯ ಹುಡುಗನೊಬ್ಬ ಕಿಸೆಯಿಂದ ಕೆಂಪು ನೂಲು ತೆಗೆದುಕೊಟ್ಟ. ಮುಂಬೈಗೊಂದು, ಬಳ್ಳಾರಿಗೊಂದು ಟಾಚಣಿ ಚುಚ್ಚಿ ಗುರುಗಳು ಅದನ್ನು ಬಿಗಿದರು. ಬಳ್ಳಾರಿಯ ಟಾಚಣಿ ಸಡಿಲವಾಗಿ ಜಾರುತ್ತಿದ್ದುದರಿಂದ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯುವ ಕೆಲಸ ನನಗೆ ಬಂತು. ನೂಲು ಕೃಷ್ಣೆಯನ್ನು ದಾಟಿ, ಆಗ ವಿಜಾಪುರ ಜಿಲ್ಲೆಯಲ್ಲಿದ್ದ ನಮ್ಮ ಬಾಗಲಕೋಟೆಯ ಹತ್ತಿರವೇ ಹಾದುಹೋಗಿತ್ತು. ವಿಮಾನ ನೂಲು ಹಿಡಿದಂತೆ ನೇರವಾಗಿಯೇ ಹಾರಿತೆಂದು ಹೇಳಲಾಗದು, ನಿಜ. ಆದರೆ ಅಂದು ಮನೆಗೆ ಹೋಗುವಾಗ ನಾವೆಲ್ಲ ಮೇಲೆ ನೋಡಿಕೊಂಡೇ ನಡೆದೆವು.

ವಿನ್ಸೆಂಟ್ ಬಹಳ ಕಾಲ ಬದುಕಲಿಲ್ಲ. 1942ರಲ್ಲಿ, ಯುದ್ಧದ ನಡುವೆ ಇಂಗ್ಲೆಂಡಿನಿಂದ ಹಿಂದಿರುಗುವಾಗ ಅವರಿದ್ದ ಹಡ್ಸನ್ ವಿಮಾನ ಫ್ರಾನ್ಸಿನ ತೀರದ ಬಳಿ ಶತ್ರುಗಳ ಗುಂಡಿಗೆ ಬಲಿಯಾಯಿತು. ಇದನ್ನು ಹೇಳಿದ ದಿನ ಗುರುಗಳು ನಕಾಶೆಯ ಕಡೆಗೆ ಹೋಗಲಿಲ್ಲ. ಟಾಟಾ ಅವರ ಹೆಸರು ಎಲ್ಲರ ಬಾಯಲ್ಲೂ ಉಳಿಯಿತು, ನಮ್ಮ ಸೀಮೆಯ ಕಡೆಗೆ ಟಪಾಲು ತಂದವರ ಹೆಸರು ಉಳಿಯಲಿಲ್ಲ ಎಂಬ ಕೊರಗು ಅವರಿಗಿತ್ತು.

ಮುಂದಿನ ಪರೀಕ್ಷೆಯಲ್ಲಿ ಎರಡು ಅಂಕಕ್ಕೆ, ಬಳ್ಳಾರಿಯಲ್ಲಿ ಆ ರಾತ್ರಿ ತಂಗಿದ ವೈಮಾನಿಕ ಯಾರೆಂದು ಕೇಳಿದ್ದರು. ಟಾಚಣಿ ಒತ್ತಿ ಹಿಡಿದಿದ್ದ ನಾನೂ ಸೇರಿದಂತೆ ತರಗತಿಯ ಬಹುಪಾಲು ಹುಡುಗರು ಟಾಟಾ ಎಂದೇ ಬರೆದಿದ್ದೆವು.